ಮೂಲೆಯ ಐಕಾನ್ ಮಾಯವಾದಾಗ: ವೇಲ್ಯಾಂಡ್‌ನಲ್ಲಿ ಕ್ರ್ಯಾಶ್ ಆಗುವ ಟ್ರೇ ಆ್ಯಪ್‌ನ ದೋಷ ಹುಡುಕುವುದು ಹೇಗೆ

ಚಿಕ್ಕಮಗಳೂರಿನ ಐ.ಜಿ. ರಸ್ತೆಯ ಹತ್ತಿರ ಒಂದು ಕಾಫಿ ವ್ಯಾಪಾರದ ಆಫೀಸಿದೆ. ಅಲ್ಲಿನ ಮೂರು ಕಂಪ್ಯೂಟರ್ ನೋಡಿಕೊಳ್ಳುವುದು ನಾನು. ಮೂರರಲ್ಲೂ ಉಬುಂಟು ಲಿನಕ್ಸ್‌ನ 20.04 ಆವೃತ್ತಿ ಇತ್ತು. ಅದರ ಸಾಮಾನ್ಯ ಬೆಂಬಲ 2025ರ ಮೇ ತಿಂಗಳಿಗೆ ಮುಗಿಯಿತು. ಕೊಯ್ಲಿನ ಗಡಿಬಿಡಿ ಶುರುವಾಗುವ ಮೊದಲೇ ಕೆಲಸ ಮುಗಿಸೋಣ ಅಂತ ನವೆಂಬರ್‌ನಲ್ಲಿ ಮೂರನ್ನೂ 22.04ಕ್ಕೆ, ಅಲ್ಲಿಂದ 24.04ಕ್ಕೆ ಏರಿಸಿದೆ. ಮರುದಿನ ಬೆಳಿಗ್ಗೆಯೇ ಲೆಕ್ಕ ನೋಡುವ ಅಕ್ಕನ ಫೋನ್ ಬಂತು.

"ಮೇಲೆ ಬಲಗಡೆ ಮೂಲೇಲಿ ಒಂದು ಪುಟ್ಟ ಚಿತ್ರ ಇರ್ತಿತ್ತಲ್ಲಪ್ಪ, ಅದು ಮುಟ್ಟಿದ ತಕ್ಷಣ ಹೋಗ್ತಿದೆ. ಇವತ್ತಿನ ರೇಟು ಕಳಿಸೋಕೇ ಆಗ್ತಿಲ್ಲ ನೋಡು."

ಆ ಪುಟ್ಟ ಚಿತ್ರ ಒಂದು ಕ್ಲಿಪ್‌ಬೋರ್ಡ್ ಆ್ಯಪ್, ಕಾಪಿ ಮಾಡಿದ್ದನ್ನು ನೆನಪಿಟ್ಟುಕೊಂಡು ಬೇಕಾದಾಗ ಕೊಡುವಂಥದ್ದು. ಐಕಾನ್‌ಗಳು ಹೀಗೆ ಕೂರುವ ಆ ಮೂಲೆಗೆ ಟ್ರೇ ಅನ್ನುತ್ತಾರೆ. ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರ್ರಿ, ರೋಬಸ್ಟಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರ್ರಿ: 50 ಕೆಜಿ ಮೂಟೆಗೆ ಇಷ್ಟು ಅಂತ ನಾಲ್ಕು ಸಾಲಿನ ಸಂದೇಶವನ್ನು ಅಕ್ಕ ಅದರಲ್ಲಿ ಇಟ್ಟುಕೊಂಡಿರುತ್ತಾರೆ. ಅಂಕಿ ತಿದ್ದಿ ಆಲ್ದೂರು, ಮೂಡಿಗೆರೆ, ಬಾಳೆಹೊನ್ನೂರು ಕಡೆಯ ಬೆಳೆಗಾರರಿಗೆ ಕಳಿಸುತ್ತಾರೆ. ಐಕಾನ್ ಇಲ್ಲ ಅಂದರೆ ಪ್ರತಿಯೊಂದನ್ನೂ ಮತ್ತೆ ಟೈಪ್ ಮಾಡಬೇಕು.

ಹೋಗಿ ನೋಡಿದರೆ ಮೂರೂ ಕಂಪ್ಯೂಟರ್‌ನವರು ಹೇಳಿದ್ದು ಒಂದೇ ಮಾತು: "ಆ್ಯಪ್ ಕ್ರ್ಯಾಶ್ ಆಗಿದೆ." ಆದರೆ ಮೂರರಲ್ಲೂ ಇದ್ದದ್ದು ಬೇರೆ ಬೇರೆ ದೋಷ. ಒಂದರಲ್ಲಿ ಆ್ಯಪ್ ಚೆನ್ನಾಗಿಯೇ ಓಡುತ್ತಿತ್ತು, ಐಕಾನ್ ಮಾತ್ರ ಇರಲಿಲ್ಲ. ಇನ್ನೊಂದರಲ್ಲಿ ಕರೆಂಟ್ ಹೋಗಿ ಅಪ್‌ಗ್ರೇಡ್ ಅರ್ಧಕ್ಕೇ ನಿಂತಿತ್ತು. ನಿಜವಾಗಿ ಕ್ರ್ಯಾಶ್ ಆಗುತ್ತಿದ್ದದ್ದು ಅಕ್ಕನದ್ದೊಂದೇ. ಅದಕ್ಕೇ ಈ ಕೈಪಿಡಿಯನ್ನು ನಿಮ್ಮ ಕಣ್ಣಿಗೆ ಬೀಳುವ ಲಕ್ಷಣಗಳ ಪ್ರಕಾರ ಬರೆದಿದ್ದೇನೆ. ನಿಮ್ಮ ಲಕ್ಷಣ ಯಾವುದೋ ಆ ಭಾಗಕ್ಕೆ ನೇರವಾಗಿ ಹೋಗಬಹುದು. ಆದರೆ ಮೊದಲ ಎರಡು ಭಾಗ ಎಲ್ಲರೂ ಓದಿ, ಹತ್ತು ನಿಮಿಷದ ಕೆಲಸ, ದುಡ್ಡು ಖರ್ಚಿಲ್ಲ.

ಕಮಾಂಡ್‌ಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವೇ ಬೇಕು. ಸಮ ಚಿಹ್ನೆಯ ಎಡಗಡೆ ಬರುವ ಹೆಸರುಗಳು ಮತ್ತು ಡಾಲರ್ ಚಿಹ್ನೆಯ ನಂತರದವು ದೊಡ್ಡಕ್ಷರ, ಉಳಿದದ್ದೆಲ್ಲ ಸಣ್ಣಕ್ಷರ. ಎರಡು ಅಡ್ಡಗೆರೆಯಿಂದ ಶುರುವಾಗುವುದು ಸಮ ಚಿಹ್ನೆಯ ಎಡಗಡೆ ಇದ್ದರೂ ಸಣ್ಣಕ್ಷರವೇ.

## ಶುರು ಮಾಡುವ ಮುನ್ನ: ನೀವು ಯಾವುದರಲ್ಲಿದ್ದೀರಿ?

ಸೆಟ್ಟಿಂಗ್ಸ್ ತೆರೆಯಿರಿ. ಸಿಸ್ಟಮ್, ಅಬೌಟ್, ಅದರೊಳಗೆ ಸಿಸ್ಟಮ್ ಡೀಟೇಲ್ಸ್. ಅಲ್ಲಿ 'ವಿಂಡೋಯಿಂಗ್ ಸಿಸ್ಟಮ್' ಅನ್ನುವ ಸಾಲಿನ ಮುಂದೆ ವೇಲ್ಯಾಂಡ್ ಅಂತಲೋ ಎಕ್ಸ್11 ಅಂತಲೋ ಇರುತ್ತದೆ. ಟರ್ಮಿನಲ್ ಅಭ್ಯಾಸ ಇದ್ದವರು 'ಎಕೋ $ಎಕ್ಸ್‌ಡಿಜಿ_ಸೆಷನ್_ಟೈಪ್' ಅಂತ ಕೊಟ್ಟರೂ ಅದೇ ಉತ್ತರ. ಎಕ್ಸ್11 ಅಂತ ಬಂದರೆ ನಿಮ್ಮ ತೊಂದರೆಗೆ ವೇಲ್ಯಾಂಡ್ ಕಾರಣ ಅಲ್ಲ. ಈ ಕೈಪಿಡಿಯಲ್ಲಿ ಮುಂದಿನ ಎರಡು ಭಾಗ, ಅದರ ನಂತರದ ಭಾಗದಲ್ಲಿ ಡಿಸ್ಕ್ ಮತ್ತು ಅಪ್‌ಗ್ರೇಡ್ ಬಗ್ಗೆ ಹೇಳಿದ್ದು ಮಾತ್ರ ನಿಮಗೆ ಉಪಯೋಗಕ್ಕೆ ಬರುತ್ತದೆ.

ವೇಲ್ಯಾಂಡ್ ಅಂದರೇನು ಅಂತ ಸ್ವಲ್ಪ ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ. ಲಿನಕ್ಸ್‌ನಲ್ಲಿ ಸ್ಕ್ರೀನ್ ಮೇಲೆ ಚಿತ್ರ ಮೂಡಿಸುವ ಹಳೆಯ ವ್ಯವಸ್ಥೆ ಎಕ್ಸ್. ಅಮೆರಿಕದ ಎಂಐಟಿಯಲ್ಲಿ 1984ರಲ್ಲಿ ಹುಟ್ಟಿದ್ದು, ಹನ್ನೊಂದನೇ ಆವೃತ್ತಿ ಬಂದದ್ದು 1987ರಲ್ಲಿ. ಅಲ್ಲಿ ಯಾವ ಆ್ಯಪ್ ಬೇಕಾದರೂ ಇಡೀ ಸ್ಕ್ರೀನ್ ನೋಡಬಹುದಿತ್ತು. ನೀವು ಒತ್ತುವ ಪ್ರತಿ ಕೀಯನ್ನೂ ಕೇಳಿಸಿಕೊಳ್ಳಬಹುದಿತ್ತು. ಮೌಸ್ ಎಲ್ಲಿದೆ ಅಂತ ಕೇಳಿ ಅದರ ಪಕ್ಕದಲ್ಲೇ ಮೆನು ತೆರೆಯಬಹುದಿತ್ತು. ಟ್ರೇ ಆ್ಯಪ್‌ಗಳು ಬೆಳೆದದ್ದೇ ಈ ಸಲಿಗೆಯಿಂದ. ಆದರೆ ನಿಮ್ಮ ಪಾಸ್‌ವರ್ಡ್ ಕದಿಯಬೇಕು ಅನ್ನುವ ಆ್ಯಪ್‌ಗೂ ಅದೇ ಬಾಗಿಲು ತೆರೆದಿತ್ತು. 2008ರಲ್ಲಿ ಶುರುವಾದ ವೇಲ್ಯಾಂಡ್ ಆ ಬಾಗಿಲು ಮುಚ್ಚಿತು. ನಮ್ಮ ಅಪ್‌ಗ್ರೇಡ್ ಆದಾಗ ಎಕ್ಸ್ ಹೋಗಿ ಬಂದದ್ದು ಇದೇ. ಇಲ್ಲಿ ಒಂದು ಆ್ಯಪ್‌ಗೆ ತನ್ನ ವಿಂಡೋ ಬಿಟ್ಟು ಬೇರೇನೂ ಕಾಣುವುದಿಲ್ಲ. ತನ್ನ ವಿಂಡೋ ಸ್ಕ್ರೀನ್‌ನಲ್ಲಿ ಎಲ್ಲಿದೆ ಅನ್ನುವುದೂ ಗೊತ್ತಾಗುವುದಿಲ್ಲ.

ಹಳೆಯ ಆ್ಯಪ್ ಇದನ್ನು ತಿಳಿಯದೆ, ಎಕ್ಸ್‌ನ ಹತ್ತಿರ ಕೇಳುತ್ತಿದ್ದ ಪ್ರಶ್ನೆಯನ್ನೇ ಇಲ್ಲೂ ಕೇಳುತ್ತದೆ. ಉತ್ತರದ ಜಾಗದಲ್ಲಿ ಖಾಲಿ ಬರುತ್ತದೆ. ಖಾಲಿ ಬಂದಿದೆಯೋ ಇಲ್ಲವೋ ನೋಡದೆ ಅದನ್ನೇ ಬಳಸಲು ಹೋದಾಗ ಆ್ಯಪ್ ಬಿದ್ದುಹೋಗುತ್ತದೆ. ನಾನು ನೋಡಿದ ನಿಜವಾದ ಕ್ರ್ಯಾಶ್‌ಗಳಲ್ಲಿ ಜಾಸ್ತಿ ಇದೇ ಥರದವು.

ಇನ್ನೊಂದು ಬದಲಾವಣೆ ಟ್ರೇಯಲ್ಲೇ ಆಗಿದೆ. ಹಳೆಯ ಪದ್ಧತಿಯಲ್ಲಿ ಆ್ಯಪ್ ತನ್ನದೊಂದು ಚಿಕ್ಕ ವಿಂಡೋವನ್ನೇ ತಂದು ಸ್ಕ್ರೀನ್ ಅಂಚಿನ ಪಟ್ಟಿಯೊಳಗೆ ಕೂರಿಸುತ್ತಿತ್ತು. ಹೊಸ ಪದ್ಧತಿಯಲ್ಲಿ ಆ್ಯಪ್ "ನನ್ನ ಹೆಸರು ಇದು, ಚಿತ್ರ ಇದು, ಮೆನು ಇದು" ಅಂತ ಡಿ-ಬಸ್ (ಪ್ರೋಗ್ರಾಂಗಳು ಒಂದಕ್ಕೊಂದು ಮಾತಾಡುವ ದಾರಿ) ಮೂಲಕ ತಿಳಿಸುತ್ತದೆ, ಐಕಾನ್ ಬಿಡಿಸುವುದು ಡೆಸ್ಕ್‌ಟಾಪ್. ಉಬುಂಟುವಿನ ಡೆಸ್ಕ್‌ಟಾಪ್ ಆಗಿರುವ ಗ್ನೋಮ್ 2017ರಲ್ಲಿ, 3.26ನೇ ಆವೃತ್ತಿಯಲ್ಲಿ, ಹಳೆಯ ಟ್ರೇಯನ್ನು ತೆಗೆದೇಹಾಕಿತು. ಹೊಸದಕ್ಕೂ ಅದರಲ್ಲಿ ತಾನಾಗಿ ಜಾಗ ಇಲ್ಲ, ಎಕ್ಸ್‌ಟೆನ್ಶನ್ ಅನ್ನುವ ಒಂದು ಹೆಚ್ಚುವರಿ ತುಣುಕು ಬೇಕು. ಉಬುಂಟು ಆ ಎಕ್ಸ್‌ಟೆನ್ಶನ್‌ನ್ನು ಹಾಕಿಯೇ ಕೊಡುತ್ತದೆ. ಫೆಡೋರಾ, ಡೆಬಿಯನ್ ಅನ್ನುವ ಬೇರೆ ಲಿನಕ್ಸ್‌ಗಳಲ್ಲಿ ನಾವೇ ಹಾಕಿಕೊಳ್ಳಬೇಕು. ಕೆಡಿಇ ಪ್ಲಾಸ್ಮಾ ಅನ್ನುವ ಇನ್ನೊಂದು ಡೆಸ್ಕ್‌ಟಾಪ್‌ನಲ್ಲಿ ಈ ತಲೆನೋವಿಲ್ಲ, ಹೊಸ ಪದ್ಧತಿಯ ಟ್ರೇ ಅಲ್ಲೇ ಇದೆ.

## ಐಕಾನ್ ಕಾಣುತ್ತಿಲ್ಲ: ಆ್ಯಪ್ ಓಡುತ್ತಿದೆಯೋ ಇಲ್ಲವೋ?

ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದೇ. ಸಿಸ್ಟಮ್ ಮಾನಿಟರ್ ತೆರೆದು ಪ್ರೊಸೆಸ್ ಪಟ್ಟಿಯಲ್ಲಿ ಆ್ಯಪ್ ಹೆಸರು ಹುಡುಕಿ. ಅಥವಾ ಟರ್ಮಿನಲ್‌ನಲ್ಲಿ 'ಪಿಜಿರೆಪ್ -ಎ' ಅಂತ ಹಾಕಿ ಆ್ಯಪ್ ಹೆಸರು ಕೊಡಿ. ಸಾಲು ಬಂದರೆ ಆ್ಯಪ್ ಓಡುತ್ತಿದೆ, ಖಾಲಿ ಬಂದರೆ ನಿಂತಿದೆ.

ಓಡುತ್ತಿದ್ದರೆ ಆ್ಯಪ್‌ನ್ನು ಬಿಟ್ಟು ಟ್ರೇಯನ್ನು ನೋಡಿ. ಬೇರೆ ಯಾವುದಾದರೂ ಆ್ಯಪ್‌ನ ಐಕಾನ್ ಅಲ್ಲಿ ಕಾಣುತ್ತಿದೆಯಾ? ಒಂದೂ ಇಲ್ಲ ಅಂದರೆ ಎಕ್ಸ್‌ಟೆನ್ಶನ್ ಆಫ್ ಆಗಿರಬೇಕು. ಎಕ್ಸ್‌ಟೆನ್ಶನ್ಸ್ ಆ್ಯಪ್‌ನಲ್ಲಿ 'ಉಬುಂಟು ಆ್ಯಪ್‌ಇಂಡಿಕೇಟರ್ಸ್' ಹುಡುಕಿ ಆನ್ ಮಾಡಿ. ಫೆಡೋರಾ, ಡೆಬಿಯನ್‌ನವರು 'ಗ್ನೋಮ್-ಶೆಲ್-ಎಕ್ಸ್‌ಟೆನ್ಶನ್-ಆ್ಯಪ್‌ಇಂಡಿಕೇಟರ್' ಪ್ಯಾಕೇಜ್ ಹಾಕಿ ಒಮ್ಮೆ ಲಾಗೌಟ್ ಆಗಿ ಬಂದು ಅದನ್ನು ಆನ್ ಮಾಡಿ. ಮೊದಲೆಲ್ಲ ಆಲ್ಟ್ ಮತ್ತು ಎಫ್2 ಒತ್ತಿ 'ಆರ್' ಅಂತ ಕೊಟ್ಟರೆ ಗ್ನೋಮ್ ಮತ್ತೆ ಶುರುವಾಗುತ್ತಿತ್ತು. ವೇಲ್ಯಾಂಡ್‌ನಲ್ಲಿ ಅದು ನಡೆಯುವುದಿಲ್ಲ. ಇಲ್ಲಿ ಗ್ನೋಮ್ ಶೆಲ್ಲೇ ಡಿಸ್‌ಪ್ಲೇ ಸರ್ವರ್, ಅಂದರೆ ಸ್ಕ್ರೀನ್ ಮೇಲೆ ಎಲ್ಲವನ್ನೂ ಮೂಡಿಸುವ ಪ್ರೋಗ್ರಾಂ. ಅದನ್ನು ನಿಲ್ಲಿಸಿದರೆ ತೆರೆದ ವಿಂಡೋಗಳೆಲ್ಲ ಅದರ ಜೊತೆಗೇ ಹೋಗುತ್ತವೆ.

ಬೇರೆ ಐಕಾನ್‌ಗಳೆಲ್ಲ ಇದ್ದು ನಿಮ್ಮದೊಂದೇ ಇಲ್ಲ ಅಂದರೆ ಎರಡು ಸಾಧ್ಯತೆ. ಆ್ಯಪ್ ಬಹಳ ಹಳೆಯದು, ಇನ್ನೂ ಹಳೆಯ ಪದ್ಧತಿಯ ಟ್ರೇಯನ್ನೇ ಹುಡುಕುತ್ತಿದೆ. ಹಾಗಿದ್ದರೆ ಹೊಸ ಆವೃತ್ತಿ ಇದೆಯಾ ನೋಡಿ. ಇಲ್ಲವೇ ಆ್ಯಪ್ ಅವಸರ ಮಾಡಿದೆ. ಅದು ಮುಂದಿನ ಭಾಗದಲ್ಲಿದೆ.

## ಲಾಗಿನ್ ಆದಾಗ ಬರುವುದಿಲ್ಲ, ಕೈಯಿಂದ ತೆರೆದರೆ ಬರುತ್ತದೆ

ಆಫೀಸಿನ ಮೊದಲ ಕಂಪ್ಯೂಟರ್‌ನ ಕಥೆ ಇದು. ಲಾಗಿನ್ ಆದ ಕೂಡಲೇ ಆ್ಯಪ್ ತಾನಾಗಿ ಶುರುವಾಗುತ್ತದೆ. ಆದರೆ ಟ್ರೇಯ ಎಕ್ಸ್‌ಟೆನ್ಶನ್ ಆ ಹೊತ್ತಿಗೆ ಇನ್ನೂ ಎದ್ದಿರುವುದಿಲ್ಲ. ಆ್ಯಪ್ ಕೂಗುತ್ತದೆ, ಕೇಳಿಸಿಕೊಳ್ಳುವವರು ಯಾರೂ ಇಲ್ಲ. ಚೆನ್ನಾಗಿ ಬರೆದ ಆ್ಯಪ್ ಆಮೇಲೆ ಮತ್ತೆ ಕೂಗುತ್ತದೆ. ಕೆಲವು ಒಂದೇ ಸಲ ಕೂಗಿ ಸುಮ್ನೆ ಕೂರುತ್ತವೆ. ಇನ್ನು ಕೆಲವು ಉತ್ತರ ಬರಲಿಲ್ಲ ಅಂತ ಅಲ್ಲೇ ಬಿದ್ದುಹೋಗುತ್ತವೆ.

ಪರೀಕ್ಷೆ ಸುಲಭ. ಲಾಗಿನ್ ಆಗಿ ಒಂದು ನಿಮಿಷ ಬಿಟ್ಟು ಆ್ಯಪ್ ಮುಚ್ಚಿ ಮತ್ತೆ ತೆರೆಯಿರಿ. ಈಗ ಐಕಾನ್ ಬಂದು ನಿಂತರೆ ತೊಂದರೆ ಹೊತ್ತಿನದ್ದು, ಬೇರೇನೂ ಅಲ್ಲ. ಸ್ಟಾರ್ಟ್‌ಅಪ್ ಅಪ್ಲಿಕೇಶನ್ಸ್‌ನಲ್ಲಿ ಆ ಆ್ಯಪ್‌ನ ಕಮಾಂಡ್ ತಿದ್ದಿ: 'ಎಸ್‌ಎಚ್ -ಸಿ' ಅಂತ ಬರೆದು, ಅದರ ಮುಂದೆ ಜೋಡಿ ಉದ್ಧರಣ ಚಿಹ್ನೆಯೊಳಗೆ 'ಸ್ಲೀಪ್ 15; ಆ್ಯಪ್ ಹೆಸರು' ಅಂತ ಹಾಕಿ. ಹದಿನೈದು ಸೆಕೆಂಡ್ ಕಾದು ಶುರುವಾಗುತ್ತದೆ. ಹಳೆಯ ಹಾರ್ಡ್‌ಡಿಸ್ಕ್ ಇರುವ ಯಂತ್ರಕ್ಕೆ ಮೂವತ್ತು ಕೊಡಿ.

## ತೆರೆದ ಕೂಡಲೇ ನಿಂತುಹೋಗುತ್ತದೆ

ಮೊದಲು ಡಿಸ್ಕ್ ತುಂಬಿದೆಯಾ ನೋಡಿ: 'ಡಿಎಫ್ -ಎಚ್'. ನೂರು ಶೇಕಡಾ ತುಂಬಿದ ಡಿಸ್ಕ್‌ನಲ್ಲಿ ಯಾವ ಆ್ಯಪ್ ಬೇಕಾದರೂ ಎಡವುತ್ತದೆ.

ಆಮೇಲೆ ಅಪ್‌ಗ್ರೇಡ್ ಪೂರ್ತಿ ಮುಗಿದಿತ್ತಾ ಅಂತ ನೆನಪಿಸಿಕೊಳ್ಳಿ. ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳೋಕಾಗಲ್ಲ, ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ಆ ಆಫೀಸಿನ ಮೂರನೇ ಕಂಪ್ಯೂಟರ್‌ನ ಯುಪಿಎಸ್ ಬ್ಯಾಟರಿ ಹಳತಾಗಿತ್ತು. ಪ್ಯಾಕೇಜ್‌ಗಳು ಕೂರುತ್ತಿರುವಾಗಲೇ ಯಂತ್ರ ಆಫ್ ಆಗಿತ್ತು. ಮತ್ತೆ ಆನ್ ಮಾಡಿದರೆ ಎಲ್ಲ ಸರಿಯಿದ್ದಂತೆಯೇ ಕಂಡಿತು. ಆ್ಯಪ್ ಮಾತ್ರ ತೆರೆಯಲಿಲ್ಲ. ಟರ್ಮಿನಲ್‌ನಿಂದ ತೆರೆದಾಗ 'ಎರರ್ ವೈಲ್ ಲೋಡಿಂಗ್ ಶೇರ್ಡ್ ಲೈಬ್ರರೀಸ್' ಅನ್ನುವ ಸಾಲು ಬಂತು. ಆ್ಯಪ್‌ಗೆ ಬೇಕಾದ ಒಂದು ಲೈಬ್ರರಿ ಸಿಕ್ಕಿಲ್ಲ ಅಂತ ಅರ್ಥ, ವೇಲ್ಯಾಂಡ್‌ಗೂ ಇದಕ್ಕೂ ಸಂಬಂಧವೇ ಇಲ್ಲ. 'ಸುಡೋ ಡಿಪಿಕೆಜಿ --ಕಾನ್ಫಿಗರ್ -ಎ', ಆಮೇಲೆ 'ಸುಡೋ ಆ್ಯಪ್ಟ್ -ಎಫ್ ಇನ್‌ಸ್ಟಾಲ್' ಕೊಟ್ಟೆ. ಅರ್ಧಕ್ಕೆ ನಿಂತ ಕೆಲಸ ಮುಗಿಯಿತು, ಆ್ಯಪ್ ತೆರೆಯಿತು. ಎರಡನೆಯ ಕಮಾಂಡ್ ಯಾವ ಪ್ಯಾಕೇಜ್ ತೆಗೆಯುತ್ತೇನೆ ಅಂತ ಒಂದು ಪಟ್ಟಿ ತೋರಿಸಿದರೆ ಓದದೆ ಹೂಂ ಅನ್ನಬೇಡಿ. ಅದರಲ್ಲಿ ಡೆಸ್ಕ್‌ಟಾಪ್‌ನ ಹೆಸರೇ ಇದ್ದರೆ ಅಲ್ಲಿಗೆ ನಿಲ್ಲಿಸಿ, ಗೊತ್ತಿರುವವರನ್ನು ಕರೆಯಿರಿ.

ಇದೆರಡೂ ಅಲ್ಲ ಅಂದರೆ ಆ್ಯಪ್‌ನ್ನು ಟರ್ಮಿನಲ್‌ನಿಂದ ತೆರೆದು ಕೊನೆಯ ನಾಲ್ಕೈದು ಸಾಲು ಓದಿ. ಐಕಾನ್ ಒತ್ತಿ ತೆರೆದರೆ ಆ್ಯಪ್ ಏನು ಹೇಳಿ ಹೋಯಿತು ಅಂತ ಗೊತ್ತಾಗುವುದಿಲ್ಲ, ಟರ್ಮಿನಲ್‌ನಲ್ಲಿ ಗೊತ್ತಾಗುತ್ತದೆ.

'ಕ್ಯೂಟಿ ಪ್ಲಾಟ್‌ಫಾರ್ಮ್ ಪ್ಲಗಿನ್ ವೇಲ್ಯಾಂಡ್' ಸಿಗಲಿಲ್ಲ ಅನ್ನುವ ಮಾತಿದ್ದರೆ ಒಂದು ಪ್ಯಾಕೇಜ್ ಕಮ್ಮಿ ಇದೆ, ಅಷ್ಟೇ. ಕ್ಯೂಟಿ ಅಂದರೆ ಜಿಟಿಕೆ, ಎಲೆಕ್ಟ್ರಾನ್‌ಗಳಂತೆ ಆ್ಯಪ್ ಕಟ್ಟುವ ಒಂದು ಸಲಕರಣೆ. ಉಬುಂಟು, ಡೆಬಿಯನ್‌ನಲ್ಲಿ ಕ್ಯೂಟಿ 5ಕ್ಕೆ 'ಕ್ಯೂಟಿವೇಲ್ಯಾಂಡ್5', ಕ್ಯೂಟಿ 6ಕ್ಕೆ 'ಕ್ಯೂಟಿ6-ವೇಲ್ಯಾಂಡ್'.

'ಸೆಗ್ಮೆಂಟೇಶನ್ ಫಾಲ್ಟ್' ಅಂತ ಬಂದರೆ ಆ್ಯಪ್ ತನ್ನದಲ್ಲದ ಮೆಮೊರಿಗೆ ಕೈ ಹಾಕಿದೆ. ಮೇಲೆ ಹೇಳಿದ ಖಾಲಿ ಉತ್ತರದ ಕಥೆ ಬಹುಪಾಲು ಇಲ್ಲಿಗೇ ಬಂದು ಮುಟ್ಟುತ್ತದೆ. ಇದನ್ನು ಖಚಿತ ಮಾಡಿಕೊಳ್ಳಲು ಆ್ಯಪ್‌ನ್ನು ಹಳೆಯ ದಾರಿಯಲ್ಲಿ ಓಡಿಸಿ ನೋಡಬೇಕು. ವೇಲ್ಯಾಂಡ್ ಸೆಷನ್‌ನೊಳಗೇ ಎಕ್ಸ್‌ವೇಲ್ಯಾಂಡ್ ಅಂತ ಒಂದಿದೆ, ಹಳೆಯ ಆ್ಯಪ್‌ಗಳಿಗಾಗಿ ಒಳಗೇ ನಡೆಯುವ ಎಕ್ಸ್ ಸರ್ವರ್. ಜಿಟಿಕೆ ಆ್ಯಪ್ ಆದರೆ 'ಜಿಡಿಕೆ_ಬ್ಯಾಕೆಂಡ್=ಎಕ್ಸ್11' ಅಂತ ಬರೆದು, ಒಂದು ಸ್ಪೇಸ್ ಬಿಟ್ಟು ಆ್ಯಪ್ ಹೆಸರು ಕೊಡಿ. ಕ್ಯೂಟಿ ಆ್ಯಪ್ ಆದರೆ 'ಕ್ಯೂಟಿ_ಕ್ಯೂಪಿಎ_ಪ್ಲಾಟ್‌ಫಾರ್ಮ್=ಎಕ್ಸ್‌ಸಿಬಿ'. ಎಲೆಕ್ಟ್ರಾನ್‌ನಲ್ಲಿ ಮಾಡಿದ ಆ್ಯಪ್ ಆದರೆ ಹೆಸರಿನ ನಂತರ '--ಓಝೋನ್-ಪ್ಲಾಟ್‌ಫಾರ್ಮ್=ಎಕ್ಸ್11'. ಯಾವುದರಲ್ಲಿ ಮಾಡಿದ್ದು ಅಂತ ಗೊತ್ತಿಲ್ಲದಿದ್ದರೆ ಒಂದೊಂದಾಗಿ ನೋಡಿ, ಹಾನಿ ಇಲ್ಲ. ಇದು ಆ ಒಂದು ಸಲಕ್ಕೆ ಮಾತ್ರ ಅನ್ವಯ.

ಹೀಗೆ ಓಡಿಸಿದಾಗ ಆ್ಯಪ್ ಬೀಳದೆ ಓಡಿದರೆ ದೋಷ ಇರುವುದು ಆ್ಯಪ್‌ನ ವೇಲ್ಯಾಂಡ್ ಭಾಗದಲ್ಲಿ. ಹೀಗೆ ಓಡಿಸಿದರೂ ಬಿದ್ದರೆ ಅದರ ಸೆಟ್ಟಿಂಗ್ಸ್ ಕಡೆ ನೋಡಿ. ಹೋಮ್ ಫೋಲ್ಡರ್‌ನ 'ಡಾಟ್ ಕಾನ್ಫಿಗ್' ಒಳಗೆ ಆ್ಯಪ್ ಹೆಸರಿನ ಫೋಲ್ಡರ್ ಇರುತ್ತದೆ. ಅಳಿಸಬೇಡಿ, ಹೆಸರು ಬದಲಿಸಿ. ಅಕ್ಕನ ನಾಲ್ಕು ಸಾಲು ಇದ್ದದ್ದು ಅಂಥದ್ದೇ ಒಂದು ಫೋಲ್ಡರ್‌ನಲ್ಲಿ.

ಕಂಪ್ಯೂಟರ್‌ನಲ್ಲಿ ನೀವು ಏನೂ ಬದಲಿಸಿಲ್ಲ, ಆದರೂ ಒಂದು ದಿನ ಇದ್ದಕ್ಕಿದ್ದಂತೆ ಶುರುವಾಯಿತಾ? ಆ್ಯಪ್ ತಾನೇ ಅಪ್‌ಡೇಟ್ ಆಗಿರಬಹುದು. ಮೊದಲು ಸದ್ದಿಲ್ಲದೆ ಎಕ್ಸ್‌ವೇಲ್ಯಾಂಡ್‌ನಲ್ಲಿ ಓಡುತ್ತಿದ್ದ ಎಷ್ಟೋ ಎಲೆಕ್ಟ್ರಾನ್ ಆ್ಯಪ್‌ಗಳು ಹೊಸ ಆವೃತ್ತಿಯಲ್ಲಿ ನೇರ ವೇಲ್ಯಾಂಡ್‌ನಲ್ಲೇ ಓಡುತ್ತವೆ. ಫ್ಲ್ಯಾಟ್‌ಪ್ಯಾಕ್ ಅನ್ನುವ ಪ್ಯಾಕೇಜ್ ಪದ್ಧತಿಯಲ್ಲಿ ಹಾಕಿದ ಆ್ಯಪ್ ಆದರೆ ಫ್ಲ್ಯಾಟ್‌ಸೀಲ್ ಅನ್ನುವ ಆ್ಯಪ್‌ನಲ್ಲಿ ವೇಲ್ಯಾಂಡ್ ಸ್ವಿಚ್ ಆಫ್ ಮಾಡಿ, ಎಕ್ಸ್11 ಸ್ವಿಚ್ ಆನ್ ಮಾಡಿ ನೋಡಬಹುದು.

## ಐಕಾನ್ ಬರುತ್ತದೆ, ಮುಟ್ಟಿದರೆ ಹೋಗುತ್ತದೆ

ಅಕ್ಕನ ಕಂಪ್ಯೂಟರ್‌ನಲ್ಲಿ ಆಗುತ್ತಿದ್ದದ್ದು ಇದು. ಪಕ್ಕದಲ್ಲಿ ಕೂತು ನೋಡಿದೆ. ಟರ್ಮಿನಲ್‌ನಿಂದ ಆ್ಯಪ್ ತೆರೆದೆ, ಐಕಾನ್ ಬಂತು, ಎರಡು ನಿಮಿಷ ಸುಮ್ನೆ ಬಿಟ್ಟೆವು, ಏನೂ ಆಗಲಿಲ್ಲ. ಅಕ್ಕ ಐಕಾನ್ ಮೇಲೆ ಒತ್ತಿದರು. ಮೆನು ಒಂದು ಕ್ಷಣ ಬಿಳಿ ಚೌಕವಾಗಿ ಮಿಂಚಿತು, ಅಷ್ಟೇ. ಟರ್ಮಿನಲ್‌ನಲ್ಲಿ 'ಎರರ್ 71, ಪ್ರೊಟೊಕಾಲ್ ಎರರ್' ಅನ್ನುವ ಸಾಲು, ಅದರ ಮೇಲೆ ಪಾಪಪ್ ಬಗ್ಗೆ ಇನ್ನೊಂದು ಸಾಲು.

ವೇಲ್ಯಾಂಡ್‌ನಲ್ಲಿ ಪಾಪಪ್ ಮೆನುಗೆ ಒಂದು ನಿಯಮ ಇದೆ. ಅದು ಯಾವುದಾದರೂ ವಿಂಡೋಗೆ ಅಂಟಿಕೊಂಡೇ ಹುಟ್ಟಬೇಕು. ಒಂದರ ಮೇಲೊಂದು ಮೆನು ತೆರೆದಿದ್ದರೆ ಹೊಸದು ಎಲ್ಲಕ್ಕಿಂತ ಮೇಲಿನದಕ್ಕೇ ಅಂಟಬೇಕು. ಟ್ರೇ ಆ್ಯಪ್‌ಗೆ ತೆರೆದ ವಿಂಡೋ ಇರುವುದಿಲ್ಲ, ಇರುವುದು ಐಕಾನ್ ಮಾತ್ರ. ಆ ಐಕಾನ್ ಕೂಡ ಈಗ ಡೆಸ್ಕ್‌ಟಾಪ್ ಬಿಡಿಸಿದ್ದು, ಆ್ಯಪ್‌ನದ್ದಲ್ಲ. ಹಳೆಯ ಕೋಡ್ "ಐಕಾನ್ ಇರುವ ಜಾಗದಲ್ಲಿ ನನ್ನ ಮೆನು ತೆರೆ" ಅನ್ನುತ್ತದೆ. ನಿಯಮ ಮುರಿಯಿತು ಅಂತ ಡಿಸ್‌ಪ್ಲೇ ಸರ್ವರ್ ಆ್ಯಪ್‌ನ ಸಂಪರ್ಕವನ್ನೇ ಕತ್ತರಿಸುತ್ತದೆ. ಎಚ್ಚರಿಕೆ ಕೊಟ್ಟು ಬಿಡುವ ಪದ್ಧತಿ ಇಲ್ಲಿ ಇಲ್ಲ. ಹಾಗಾಗಿ 'ಪ್ರೊಟೊಕಾಲ್ ಎರರ್' ಅಂತ ಕಂಡರೆ ಮೆಮೊರಿ, ಡಿಸ್ಕ್, ವೈರಸ್ ಅಂತೆಲ್ಲ ಹುಡುಕುತ್ತಾ ಹೊತ್ತು ಕಳೆಯಬೇಡಿ.

ಮೊದಲು ಆ್ಯಪ್‌ನ ಹೊಸ ಆವೃತ್ತಿ ಇದೆಯಾ ನೋಡಿ. ಇಲ್ಲದಿದ್ದರೆ ಎಕ್ಸ್‌ವೇಲ್ಯಾಂಡ್ ದಾರಿಯನ್ನೇ ಕಾಯಂ ಮಾಡಿ. ಯೂಸರ್‌ನ 'ಡಾಟ್ ಲೋಕಲ್, ಶೇರ್, ಅಪ್ಲಿಕೇಶನ್ಸ್' ಫೋಲ್ಡರ್‌ಗೆ ಆ್ಯಪ್‌ನ ಡೆಸ್ಕ್‌ಟಾಪ್ ಫೈಲ್ ಕಾಪಿ ಮಾಡಿ, ಅದರಲ್ಲಿ 'ಎಕ್ಸೆಕ್' ಸಾಲಿನಲ್ಲಿ ಸಮ ಚಿಹ್ನೆಯ ನಂತರ 'ಎನ್‌ವಿ' ಅಂತ ಬರೆದು, ಮೇಲೆ ಹೇಳಿದ ಪದ ಸೇರಿಸಿ, ಆಮೇಲೆ ಆ್ಯಪ್ ಹೆಸರು ಇರಲಿ. ಎಲೆಕ್ಟ್ರಾನ್ ಆ್ಯಪ್ ಆದರೆ 'ಎನ್‌ವಿ' ಬೇಡ, ಆ ಪದ ಹೆಸರಿನ ನಂತರವೇ ಬರಲಿ. ಸ್ಟಾರ್ಟ್‌ಅಪ್ ಪಟ್ಟಿಯಲ್ಲೂ ಅದನ್ನೇ ಬರೆಯಬೇಕು. ಇದನ್ನು ಮರೆತು ನಾನೇ ಆಫೀಸಿಗೆ ಎರಡನೇ ಸಲ ಹೋಗಬೇಕಾಯಿತು: ಕೈಯಿಂದ ತೆರೆದರೆ ಸರಿ, ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದಾಗ ಮತ್ತೆ ಅದೇ ಕ್ರ್ಯಾಶ್.

ಬದಲಾವಣೆ ನಿಜವಾಗಿ ಹಿಡಿದಿದೆಯಾ ಅಂತ ನೋಡಲು ಒಂದು ಚೆಂದದ ಉಪಾಯ ಇದೆ. 'ಎಕ್ಸ್11-ಆ್ಯಪ್ಸ್' ಪ್ಯಾಕೇಜ್‌ನಲ್ಲಿ 'ಎಕ್ಸ್‌ಐಸ್' ಅಂತ ಒಂದು ಪುಟ್ಟ ಪ್ರೋಗ್ರಾಂ ಬರುತ್ತದೆ, ಎರಡು ದೊಡ್ಡ ಕಣ್ಣು. ಎಕ್ಸ್‌ನಲ್ಲಿ ಮೌಸ್ ಎಲ್ಲಿ ಹೋದರೂ ಆ ಕಣ್ಣುಗಳು ಅತ್ತ ತಿರುಗುತ್ತವೆ. ವೇಲ್ಯಾಂಡ್ ಸೆಷನ್‌ನಲ್ಲಿ ಅವಕ್ಕೆ ಎಕ್ಸ್‌ವೇಲ್ಯಾಂಡ್ ವಿಂಡೋಗಳ ಮೇಲೆ ಮಾತ್ರ ದೃಷ್ಟಿ. ನಿಮ್ಮ ಆ್ಯಪ್‌ನ ವಿಂಡೋ ತೆರೆದು ಮೌಸ್ ಆಡಿಸಿ. ಕಣ್ಣು ತಿರುಗಿದರೆ ಆ್ಯಪ್ ಎಕ್ಸ್‌ವೇಲ್ಯಾಂಡ್‌ನಲ್ಲಿದೆ. ನೆಟ್ಟ ನೋಟ ನೆಟ್ಟಂತೆಯೇ ಇದ್ದರೆ ಅದು ನೇರ ವೇಲ್ಯಾಂಡ್‌ನಲ್ಲಿ ಓಡುತ್ತಿದೆ, ನಿಮ್ಮ ತಿದ್ದುಪಡಿ ಹಿಡಿದಿಲ್ಲ. ಅಕ್ಕನಿಗೆ ಇದನ್ನು ತೋರಿಸಿದೆ. ಬ್ರೌಸರ್ ಮೇಲೆ ಮೌಸ್ ಇಟ್ಟಾಗ ಕಣ್ಣು ನಿಂತದ್ದು, ಆ್ಯಪ್ ಮೇಲೆ ತಂದ ತಕ್ಷಣ ತಿರುಗಿದ್ದು ನೋಡಿ ಅವರಿಗೆ ನನ್ನ ಅರ್ಧ ಗಂಟೆಯ ವಿವರಣೆಗಿಂತ ಚೆನ್ನಾಗಿ ಅರ್ಥವಾಯಿತು.

ಈ ದಾರಿಗೆ ಒಂದು ಬೆಲೆ ಇದೆ, ಕನ್ನಡ ಓದುವವರಿಗೆ ಅದು ಬೇಗ ಕಣ್ಣಿಗೆ ಹೊಡೆಯುತ್ತದೆ. ಡಿಸ್‌ಪ್ಲೇ ಸ್ಕೇಲ್ 125 ಅಥವಾ 150 ಶೇಕಡಾ ಇಟ್ಟಿದ್ದರೆ ಎಕ್ಸ್‌ವೇಲ್ಯಾಂಡ್ ಆ್ಯಪ್‌ನ ಅಕ್ಷರ ಮಸುಕಾಗುತ್ತದೆ. ಇಂಗ್ಲಿಷ್ ಅಕ್ಷರ ಹೇಗೋ ಓದಬಹುದು. ಒತ್ತಕ್ಷರ ಕಲಸಿಹೋಗುತ್ತದೆ, 'ಪ್ಪ' ಯಾವುದು 'ಪ್ಷ' ಯಾವುದು ಅಂತ ಕಣ್ಣು ಕಿರಿದು ಮಾಡಿ ನೋಡಬೇಕು. ಸ್ಕೇಲ್‌ನ್ನು 100ಕ್ಕೆ ಇಳಿಸಿ, ಆ್ಯಕ್ಸೆಸಿಬಿಲಿಟಿಯಲ್ಲಿ 'ಲಾರ್ಜ್ ಟೆಕ್ಸ್ಟ್' ಆನ್ ಮಾಡಿದರೆ ಅಕ್ಷರ ದೊಡ್ಡದೂ ಇರುತ್ತದೆ, ಸ್ಪಷ್ಟವೂ ಇರುತ್ತದೆ. ಆ ಆ್ಯಪ್‌ನೊಳಗೆ ಕನ್ನಡ ಟೈಪ್ ಮಾಡಲು ಆಗುತ್ತದಾ ಅಂತಲೂ ಒಮ್ಮೆ ನೋಡಿಕೊಳ್ಳಿ. ಕನ್ನಡ ಟೈಪ್ ಮಾಡಿಸುವ ಐಬಸ್ ಜೊತೆ ಮಾತಾಡುವ ದಾರಿ ಎಕ್ಸ್‌ನಲ್ಲಿ ಬೇರೆ, ವೇಲ್ಯಾಂಡ್‌ನಲ್ಲಿ ಬೇರೆ.

## ಕ್ರ್ಯಾಶ್ ಆಗಲ್ಲ, ಆದರೆ ಮೊದಲಿನಂತೆ ಕೆಲಸವೂ ಮಾಡಲ್ಲ

ಶಾರ್ಟ್‌ಕಟ್ ಕೀ ಒತ್ತಿದರೆ ಆ್ಯಪ್ ಏಳುವುದಿಲ್ಲ ಅಂದರೆ ಕಾರಣ ನೇರ: ಬೇರೆ ವಿಂಡೋದಲ್ಲಿ ಒತ್ತಿದ ಕೀ ಆ್ಯಪ್‌ಗೆ ಕೇಳಿಸುವುದಿಲ್ಲ. ಸೆಟ್ಟಿಂಗ್ಸ್‌ನ ಕೀಬೋರ್ಡ್ ಭಾಗದಲ್ಲಿ ಕಸ್ಟಮ್ ಶಾರ್ಟ್‌ಕಟ್ ಮಾಡಿ, ಆ್ಯಪ್ ತೋರಿಸುವ ಕಮಾಂಡ್ ಕೊಡಿ. ಆಗ ಕೀ ಕೇಳಿಸಿಕೊಳ್ಳುವುದು ಡೆಸ್ಕ್‌ಟಾಪ್. ಗ್ನೋಮ್ 48ರಿಂದ ಆ್ಯಪ್‌ಗಳೇ ಅನುಮತಿ ಕೇಳಿ ಶಾರ್ಟ್‌ಕಟ್ ಪಡೆಯುವ ದಾರಿಯೂ ಬಂದಿದೆ, ಆದರೆ ಆ್ಯಪ್ ಅದಕ್ಕೆ ತಯಾರಾಗಿರಬೇಕು.

ಪಟ್ಟಿಯಲ್ಲಿ ಆರಿಸಿದ್ದು ತಾನಾಗಿ ಪೇಸ್ಟ್ ಆಗುತ್ತಿಲ್ಲವೇ? ಹಳೆಯ ಆ್ಯಪ್ ನಿಮ್ಮ ಪರವಾಗಿ ಕಂಟ್ರೋಲ್ ಮತ್ತು ವಿ ಒತ್ತುತ್ತಿತ್ತು, ಈಗ ಅದು ವೇಲ್ಯಾಂಡ್ ವಿಂಡೋಗಳಿಗೆ ತಲುಪುವುದಿಲ್ಲ. ನೀವೇ ಒತ್ತಿ. ಗ್ನೋಮ್‌ನಲ್ಲಿ ಹಿಂದೆ ಕೂತ ಕ್ಲಿಪ್‌ಬೋರ್ಡ್ ಆ್ಯಪ್‌ಗೆ ಹೊಸದಾಗಿ ಕಾಪಿ ಆದದ್ದು ಕಾಣದೆಯೂ ಇರಬಹುದು. ಎಕ್ಸ್‌ವೇಲ್ಯಾಂಡ್‌ನಲ್ಲಿ ಓಡಿಸಿದರೆ ಇದು ಎಷ್ಟೋ ಸರಿಯಾಗುತ್ತದೆ.

ರೆಡ್‌ಶಿಫ್ಟ್‌ನಂತೆ ಸ್ಕ್ರೀನ್ ಬಣ್ಣ ಬದಲಿಸುವ ಟ್ರೇ ಆ್ಯಪ್ ಆದರೆ ಒದ್ದಾಡಬೇಡಿ, ತೆಗೆದುಬಿಡಿ. ಗ್ನೋಮ್, ಪ್ಲಾಸ್ಮಾ ಎರಡರಲ್ಲೂ ನೈಟ್ ಲೈಟ್ ಒಳಗೇ ಇದೆ.

## ಸ್ಕ್ರೀನ್ ಆಫ್ ಆಗಿ ಬಂದಾಗ, ಪ್ರೊಜೆಕ್ಟರ್ ಕಿತ್ತಾಗ ಹೋಗುತ್ತದೆ

ಆ್ಯಪ್ ಯಾವ ಸ್ಕ್ರೀನ್‌ನ ಲೆಕ್ಕ ಇಟ್ಟುಕೊಂಡಿತ್ತೋ ಆ ಸ್ಕ್ರೀನ್ ಇದ್ದಕ್ಕಿದ್ದಂತೆ ಇಲ್ಲವಾಗಿದೆ. ಹಳೆಯ ಕ್ಯೂಟಿ ಆ್ಯಪ್‌ಗಳಲ್ಲಿ ಈ ದೋಷ ಕಂಡದ್ದುಂಟು. ಕೇಬಲ್ ಕೀಳುವ ಮುಂಚೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಆ ಸ್ಕ್ರೀನ್ ಆಫ್ ಮಾಡಿ ನೋಡಿ. ಆಗಲೂ ಹೋದರೆ ಎಕ್ಸ್‌ವೇಲ್ಯಾಂಡ್ ದಾರಿಯೇ ಸದ್ಯಕ್ಕೆ ಗತಿ.

## ಎಲ್ಲ ವಿಂಡೋಗಳೂ ಒಟ್ಟಿಗೇ ಹೋಗಿ ಲಾಗಿನ್ ಸ್ಕ್ರೀನ್ ಬಂತು

ಇಲ್ಲಿ ನಿಲ್ಲಿ. ಇದು ನಿಮ್ಮ ಟ್ರೇ ಆ್ಯಪ್‌ನ ಕ್ರ್ಯಾಶ್ ಅಲ್ಲ, ಡಿಸ್‌ಪ್ಲೇ ಸರ್ವರ್‌ನದ್ದು. ಗ್ರಾಫಿಕ್ಸ್ ಡ್ರೈವರ್ ಅಥವಾ ಯಾವುದೋ ಎಕ್ಸ್‌ಟೆನ್ಶನ್ ಕಾರಣ ಇರಬಹುದು. ಹೊರಗಿನಿಂದ ತಂದು ಹಾಕಿದ ಎಕ್ಸ್‌ಟೆನ್ಶನ್‌ಗಳನ್ನೆಲ್ಲ ಆಫ್ ಮಾಡಿ ಒಂದು ದಿನ ನೋಡಿ. ಆದರೂ ನಿಲ್ಲದಿದ್ದರೆ ಡ್ರೈವರ್ ಬದಲಿಸುವ ಕೆಲಸಕ್ಕೆ ಅಭ್ಯಾಸ ಇರುವವರನ್ನು ಕರೆಯಿರಿ. ಅದರಲ್ಲಿ ತಪ್ಪಿದರೆ ಸ್ಕ್ರೀನೇ ಬರುವುದಿಲ್ಲ. ಅಂಥ ಹೊತ್ತಲ್ಲಿ ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿದರೆ ಅಕ್ಷರ ಮಾತ್ರದ ಲಾಗಿನ್ ಸಿಗುತ್ತದೆ, ಕಡತಗಳನ್ನು ಅಲ್ಲಿಂದ ಉಳಿಸಿಕೊಳ್ಳಬಹುದು.

ತುರ್ತು ಕೆಲಸ ಇದ್ದರೆ ಲಾಗಿನ್ ಸ್ಕ್ರೀನ್‌ನಲ್ಲಿ ಹೆಸರು ಆರಿಸಿ, ಕೆಳಗೆ ಬಲಗಡೆಯ ಹಲ್ಲುಚಕ್ರದ ಗುರುತು ಒತ್ತಿ, 'ಉಬುಂಟು ಆನ್ ಕ್ಸಾರ್ಗ್' ಆರಿಸಿ. 22.04, 24.04ರಲ್ಲಿ ಇದು ಇದೆ. 2025ರ ಅಕ್ಟೋಬರ್‌ನಲ್ಲಿ ಬಂದ 25.10ರಲ್ಲಿ ಗ್ನೋಮ್‌ನ ಎಕ್ಸ್ ಸೆಷನ್ ತೆಗೆದಿದ್ದಾರೆ. ಹಾಗಾಗಿ ಇದನ್ನು ಮನೆ ಮಾಡಿಕೊಂಡು ಕೂರಬೇಡಿ. ಇದರ ಮೇಲೆಯೇ ನಿಂತಿರುವ ಆಫೀಸ್‌ಗಳು ಮುಂದಿನ ಅಪ್‌ಗ್ರೇಡ್‌ಗೆ ಮುಂಚೆ ಆ್ಯಪ್ ಬದಲಿಸುವುದು ಒಳ್ಳೆಯದು.

## ದಯವಿಟ್ಟು ಇವನ್ನು ಮಾಡಬೇಡಿ

ಟ್ರೇ ಆ್ಯಪ್‌ನ್ನು ಸುಡೋ ಹಾಕಿ ಓಡಿಸಬೇಡಿ. "ಅಡ್ಮಿನ್ ಆಗಿ ಓಡಿಸಿದರೆ ಸರಿಹೋಗುತ್ತೆ" ಅಂತ ಬಹಳ ಜನ ಹೇಳುತ್ತಾರೆ. ಅದರಿಂದ ಸೆಟ್ಟಿಂಗ್ಸ್ ಕಡತಗಳ ಮಾಲೀಕತ್ವ ರೂಟ್‌ಗೆ, ಅಂದರೆ ಅಡ್ಮಿನ್‌ಗೆ, ಹೋಗಬಹುದು. ಆಮೇಲೆ ನೀವು ಸಾಮಾನ್ಯವಾಗಿ ತೆರೆದಾಗ ಆ್ಯಪ್‌ಗೆ ತನ್ನದೇ ಕಡತ ಬರೆಯಲಾಗದೆ ಹೊಸದೊಂದು ಕ್ರ್ಯಾಶ್ ಹುಟ್ಟುತ್ತದೆ. ಅದನ್ನು ಹುಡುಕಲು ಅರ್ಧ ದಿನ ಬೇಕು.

'ಎಕ್ಸ್‌ಹೋಸ್ಟ್ +' ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಅದು ನಿಮ್ಮ ಎಕ್ಸ್ ಡಿಸ್‌ಪ್ಲೇಯ ಬೀಗವನ್ನೇ ತೆಗೆಯುತ್ತದೆ. ಎಕ್ಸ್11 ಅಥವಾ ಎಕ್ಸ್‌ಸಿಬಿ ಪದಗಳನ್ನು ಇಡೀ ಸಿಸ್ಟಮ್‌ಗೆ ಅನ್ವಯವಾಗುವ ಎನ್‌ವಿರಾನ್‌ಮೆಂಟ್ ಫೈಲ್‌ನಲ್ಲಿ ಹಾಕಬೇಡಿ. ಒಂದು ಆ್ಯಪ್‌ನ ಮದ್ದನ್ನು ಎಲ್ಲಕ್ಕೂ ಕುಡಿಸಿದರೆ ಚೆನ್ನಾಗಿದ್ದವೂ ಕೆಡುತ್ತವೆ.

## ದೂರು ಬರೆಯುವುದಿದ್ದರೆ

ಆ್ಯಪ್ ಮಾಡಿದವರಿಗೆ ತಿಳಿಸದೆ ಇಂಥ ದೋಷ ಹೋಗುವುದಿಲ್ಲ. ಎಷ್ಟೋ ಟ್ರೇ ಆ್ಯಪ್‌ಗಳನ್ನು ಒಬ್ಬರೋ ಇಬ್ಬರೋ ಬಿಡುವಿನಲ್ಲಿ ನಡೆಸುತ್ತಿರುತ್ತಾರೆ. ಅವರ ಹತ್ತಿರ ನಿಮ್ಮಲ್ಲಿರುವಂಥ ಕಂಪ್ಯೂಟರ್ ಇರುವುದಿಲ್ಲ. ಕ್ರ್ಯಾಶ್ ಆದ ತಕ್ಷಣ 'ಜರ್ನಲ್‌ಸಿಟಿಎಲ್ --ಯೂಸರ್ -ಬಿ -ಇ' ಕೊಟ್ಟು ಆ ನಿಮಿಷದ ಸಾಲುಗಳನ್ನು ತೆಗೆದುಕೊಳ್ಳಿ. 'ಸಿಸ್ಟಮ್‌ಡಿ-ಕೋರ್‌ಡಂಪ್' ಪ್ಯಾಕೇಜ್ ಇದ್ದರೆ 'ಕೋರ್‌ಡಂಪ್‌ಸಿಟಿಎಲ್ ಇನ್ಫೋ' ಕೊನೆಯ ಕ್ರ್ಯಾಶ್‌ನ ವಿವರ ತೋರಿಸುತ್ತದೆ. ಉಬುಂಟು 24.04ರಲ್ಲಿ ಆ ಪ್ಯಾಕೇಜ್ ತಾನಾಗಿ ಇರುವುದಿಲ್ಲ. ಅಲ್ಲಿ ಕ್ರ್ಯಾಶ್ ವರದಿಗಳು 'ವಾರ್' ಫೋಲ್ಡರ್‌ನ 'ಕ್ರ್ಯಾಶ್' ಒಳಗೆ ಬಿದ್ದಿರುತ್ತವೆ. ವಿವರದ ಮೇಲಿನ ಸಾಲುಗಳಲ್ಲಿ 'ಲಿಬ್‌ಎಕ್ಸ್11' ಅಂತ ಕಂಡರೆ ಆ್ಯಪ್ ಎಕ್ಸ್‌ನ್ನು ಹುಡುಕುತ್ತಿತ್ತು ಅನ್ನುವ ಅನುಮಾನ ಗಟ್ಟಿಯಾಗುತ್ತದೆ. 'ಲಿಬ್‌ವೇಲ್ಯಾಂಡ್-ಕ್ಲೈಂಟ್' ಕಂಡರೆ ಪ್ರೊಟೊಕಾಲ್ ಕಡೆ ನೋಡಬೇಕು. ಗ್ರಾಫಿಕ್ಸ್ ಡ್ರೈವರ್ ಹೆಸರು ಕಂಡರೆ ಆ್ಯಪ್‌ನವರಿಗೆ ಬರೆಯುವ ಮೊದಲು ಡ್ರೈವರ್ ಅಪ್‌ಡೇಟ್ ಮಾಡಿ ನೋಡಿ.

ದೂರಿನಲ್ಲಿ ಉಬುಂಟು ಆವೃತ್ತಿ, ಡೆಸ್ಕ್‌ಟಾಪ್ ಆವೃತ್ತಿ, ಆ್ಯಪ್ ಆವೃತ್ತಿ, ವೇಲ್ಯಾಂಡ್ ಹೌದೋ ಅಲ್ಲವೋ, ಎಕ್ಸ್‌ವೇಲ್ಯಾಂಡ್‌ನಲ್ಲಿ ಏನಾಯಿತು, ಯಾವ ಹೆಜ್ಜೆಯಲ್ಲಿ ಬಿತ್ತು, ಇಷ್ಟಿರಲಿ. "ಕೆಲಸ ಮಾಡ್ತಿಲ್ಲ" ಅಂತಷ್ಟೇ ಬರೆದರೆ ಅವರಿಗೆ ಏನೂ ಮಾಡಲಾಗುವುದಿಲ್ಲ.

ಕೋರ್ ಡಂಪ್ ಫೈಲ್‌ನ್ನು ಮಾತ್ರ ಎಲ್ಲರಿಗೂ ಕಾಣುವ ಕಡೆ ಹಾಕಬೇಡಿ. ಅದರಲ್ಲಿ ಕ್ರ್ಯಾಶ್ ಆದ ಕ್ಷಣಕ್ಕೆ ಆ್ಯಪ್‌ನ ಮೆಮೊರಿಯಲ್ಲಿ ಇದ್ದದ್ದೆಲ್ಲ ಇರುತ್ತದೆ. ಕ್ಲಿಪ್‌ಬೋರ್ಡ್ ಆ್ಯಪ್ ಅಂದರೆ ನೀವು ಕಾಪಿ ಮಾಡಿದ ಪಾಸ್‌ವರ್ಡ್, ಬೆಳೆಗಾರರ ಬ್ಯಾಂಕ್ ಖಾತೆ ನಂಬರ್, ಎಲ್ಲ. ಅಕ್ಕನ ಕಂಪ್ಯೂಟರ್‌ನಿಂದ ನಾನು ಕಳಿಸಿದ್ದು ಟರ್ಮಿನಲ್‌ನ ಹನ್ನೆರಡು ಸಾಲು ಮಾತ್ರ. ಅದರಲ್ಲೂ ಹೋಮ್ ಫೋಲ್ಡರ್‌ನಲ್ಲಿದ್ದ ಅವರ ಹೆಸರು ತೆಗೆದು ಕಳಿಸಿದೆ. ಪಾಪಪ್ ದೋಷ ಹಿಡಿಯಲು ಆ್ಯಪ್‌ನವರಿಗೆ ಅಷ್ಟೇ ಸಾಕಾಯಿತು.